ಅಕ್ಕನ ಅಪ್ಪಣೆಗೆ ಕಾದ ಹಾಡು

ಅಂಕಲ್ ಒಮಾನ್ ಬಿಟ್ಟು ತಮ್ಮ ಊರಿಗೆ ಹೋಗಿ ನಾಲ್ಕು ತಿಂಗಳಾಯಿತು. ಮರುಭೂಮಿ ಬದಿಯ ಇಬ್ರಿಯ ನಮ್ಮ ಲಾರಿ ಯಾರ್ಡಿನಲ್ಲಿ ಹೊಸ ಡ್ರೈವರುಗಳು ಈಗ ವಾರಕ್ಕೊಮ್ಮೆಯಾದರೂ ಲಾರಿಯನ್ನು ಮರಳಿನಲ್ಲಿ ಹೂತುಕೊಂಡು ಕೂರುತ್ತಾರಂತೆ. ಫೋನಿನಲ್ಲಿ ಈ ಸುದ್ದಿ ಹೇಳಿದರೆ ಅಂಕಲ್ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಮರಳಿನ ಹತ್ತಿರ ಜಗಳ ಬೇಡ, ಟೈರಿನ ಗಾಳಿ ಇಳಿಸು" ಎಂಬುದು ಅವರ ಪಾಠದ ಮೊದಲ ವಾಕ್ಯ. ಕೊನೆಯ ವಾಕ್ಯವೂ ಅದೇ. ನಡುವೆ ಇರುವ ತರಬೇತಿಯ ಮೂರು ವಾರದಲ್ಲಿ ಅವರು ಹೆಚ್ಚಾಗಿ ಸುಮ್ಮನೆ ಕೂತು ಚಹಾ ಕುಡಿಯುತ್ತಿದ್ದರು, ಆದರೂ ಡ್ರೈವರುಗಳು ಕಲಿಯುತ್ತಿದ್ದರು.

ಅವರು ಆಸ್ಟ್ರೇಲಿಯಾದ ಮೂಲನಿವಾಸಿ. ಅರವತ್ತು ದಾಟಿದವರು. ಮರುಭೂಮಿಯಲ್ಲಿ ದೊಡ್ಡ ಲಾರಿ ಓಡಿಸುವುದನ್ನು ಕಲಿಸಲು ನಮ್ಮ ಕಂಪನಿ ಅವರನ್ನು ಕರೆಸಿತ್ತು. ನಾನು ಅದೇ ಕಂಪನಿಯ ಮಸ್ಕತ್ತಿನ ಅಲ್ ಮಬೇಲಾ ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುವವನು, ಊರು ಮೂಲ್ಕಿ ಕಡೆ. ಲಾರಿ ಅವರ ಹೊಟ್ಟೆಪಾಡು ಮಾತ್ರ, ತಮ್ಮ ದೇಶದಲ್ಲಿ ಅವರು ನಲವತ್ತು ವರ್ಷ ಹಾಡಿದ ಹಾಡುಗಾರ ಎಂಬ ವಿಷಯ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಿರಲಿ ಎಂದೇ ಅವರು ಇಷ್ಟು ದೂರ ಬಂದಿದ್ದರು. ಅದನ್ನು ಗೊತ್ತು ಮಾಡಿಸಿ ಎಡವಟ್ಟು ಮಾಡಿದ ಮಹಾನುಭಾವ ನಾನೇ.

ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ. ನಿಮ್ಮ ಬಗ್ಗೆ ಬರೆಯಲಾ ಎಂದು ಕೇಳಿದಾಗ ಅವರೇ ಹೇಳಿದರು: "ಬರಿ. ಹೆಸರು ಮಾತ್ರ ಹಾಕಬೇಡ. ನಾಳೆ ನಾನು ಹೋಗಿಬಿಟ್ಟರೆ ನಮ್ಮ ಮನೆಯವರು ನಿನ್ನ ಪುಸ್ತಕವನ್ನು ಕಪಾಟಿನಲ್ಲಿ ಮುಚ್ಚಿಡಬೇಕಾಗ್ತದೆ ಮಾರಾಯ." ಅದು ಯಾಕೆ ಎಂಬುದು ಮುಂದೆ ತಿಳಿಯುತ್ತದೆ. ಅಂದಹಾಗೆ ಅವರು ಆಡುತ್ತಿದ್ದುದು ಇಂಗ್ಲಿಷು. ಆದರೆ ಅದು ನನ್ನ ಕಿವಿಯೊಳಗೆ ಇಳಿಯುವಷ್ಟರಲ್ಲಿ ನಮ್ಮ ಕರಾವಳಿಯ ಕನ್ನಡವಾಗಿರುತ್ತಿತ್ತು. ನನಗೆ ಕೇಳಿದ ಹಾಗೆಯೇ ಬರೆಯುತ್ತೇನೆ.

ಮೊದಲ ದಿನ ಸ್ಟೋರಿನ ಕೌಂಟರಿಗೆ ಬಂದಾಗ ನಾನು "ಯೆಸ್ ಸರ್" ಎಂದೆ. ಅಗಲ ಅಂಚಿನ ಟೊಪ್ಪಿ, ಬಿಳಿ ಗಡ್ಡ, ನಮ್ಮೂರಿನ ಯಾವುದೋ ದೋಣಿಯಿಂದ ಇಳಿದು ಬಂದವರ ಮೈಬಣ್ಣ.

"ಸರ್ ಎಲ್ಲ ಬೇಡ. ನಮ್ಮಲ್ಲಿ ಹಿರಿಯರನ್ನು ಅಂಕಲ್ ಅಂತ ಕರೆಯುವುದು" ಎಂದರು.

"ನಮ್ಮಲ್ಲೂ ಹಾಗೇ. ನಮ್ಮ ಬಿಲ್ಡಿಂಗಿನ ಮಕ್ಕಳಿಗೆಲ್ಲ ನಾನೇ ಅಂಕಲ್."

ಅವರು ನನ್ನ ಬೋಳುತಲೆಯನ್ನು ಒಮ್ಮೆ ನೋಡಿ, "ನೀನಿನ್ನೂ ಪಳಗಬೇಕು" ಎಂದು ಹೇಳಿ, ಟೈರಿನ ಗಾಳಿ ನೋಡುವ ಗೇಜು ತೆಗೆದುಕೊಂಡು ಹೊರಟುಹೋದರು. ಆವತ್ತಿನಿಂದ ಕಂಪನಿಯ ಒಮಾನಿ ಮ್ಯಾನೇಜರಿನಿಂದ ಹಿಡಿದು ಚಹಾ ಕೊಡುವವರ ತನಕ ಎಲ್ಲರಿಗೂ ಅವರು ಅಂಕಲ್.

ತಿಂಗಳಿಗೆ ಎರಡು ಸಲ ನಾನು ಸ್ಟಾಕ್ ನೋಡಲು ಮಬೇಲಾದಿಂದ ಇಬ್ರಿಗೆ ಅವರ ಪಿಕಪ್ಪಿನಲ್ಲಿ ಹೋಗುತ್ತಿದ್ದೆ. ಮುಂದಿನ ಸೀಟು ನನಗೆ ಒಮ್ಮೆಯೂ ಸಿಗಲಿಲ್ಲ. ಅಲ್ಲಿ ಕಂಬಳಿ ಸುತ್ತಿಕೊಂಡು, ಬೆಲ್ಟ್ ಹಾಕಿಕೊಂಡು ಅವರ ಗಿಟಾರು ಕೂತಿರುತ್ತಿತ್ತು. ಏಸಿಯ ಗಾಳಿ ನೇರ ಅದರ ಮೇಲೆ. "ಈ ಸೆಕೆಗೆ ಅದರ ಹೊಟ್ಟೆ ಬಿರಿಯುತ್ತದೆ. ನಿನ್ನದೇನೂ ಬಿರಿಯುವುದಿಲ್ಲ" ಎನ್ನುತ್ತಿದ್ದರು. ನಾನು ಹಿಂದೆ ಜ್ಯಾಕು, ಸಲಿಕೆ, ನೀರಿನ ಕ್ಯಾನುಗಳ ನಡುವೆ ಬೆವರುತ್ತಾ ಕೂರುತ್ತಿದ್ದೆ. ಚೆಕ್‌ಪೋಸ್ಟಿನ ಪೊಲೀಸ್ ಒಬ್ಬ ಒಳಗೆ ಬಗ್ಗಿ ನೋಡಿ ಯಾವುದು ಪ್ರಯಾಣಿಕ, ಯಾವುದು ಸಾಮಾನು ಎಂದು ತಿಳಿಯದೆ ನಕ್ಕು ಬಿಟ್ಟುಬಿಟ್ಟ.

ದಾರಿಯುದ್ದಕ್ಕೂ ಮಾತು ಕಡಿಮೆ. ನಾನು ವಾಚಾಳಿ. ಸುಮ್ಮನಿರುವವರ ಜೊತೆ ಕೂತರೆ ನನಗೆ ತುರಿಕೆ ಶುರುವಾಗುತ್ತದೆ. ಅಂಕಲ್‌ಗೆ ಪ್ರಶ್ನೆ ಕೇಳಿದರೆ ಉತ್ತರ ಬರಲು ಹತ್ತು ಕಿಲೋಮೀಟರ್ ಬೇಕು. ಬಂದರೆ ಮಾತ್ರ ಪೂರ್ತಿ ಕಥೆಯೇ ಬರುತ್ತಿತ್ತು. ಅವರ ಅಪ್ಪ ಬಿಳಿಯರ ದೊಡ್ಡ ದನದ ಫಾರಮ್ಮಿನಲ್ಲಿ ಕುದುರೆ ಮೇಲೆ ಕೂತು ದನ ಅಟ್ಟುವ ಕೆಲಸದಲ್ಲಿದ್ದರು. ಅಲ್ಲಿ ಯಾರೋ ಬಿಸಾಡಿದ ಗಿಟಾರು ಸಿಕ್ಕಿತು, ಮೂರೇ ತಂತಿ. ಅಂಕಲ್ ಮತ್ತು ಅವರ ತಮ್ಮ ಅದರಲ್ಲೇ ಕಲಿತರು. ದನ, ಕುದುರೆ, ಮಣ್ಣಿನ ರಸ್ತೆ, ಅಮ್ಮ, ಲಾರಿ, ಬಿಟ್ಟುಹೋದ ಹುಡುಗಿ. ಕಂಟ್ರಿ ಮ್ಯೂಸಿಕ್ ಎಂದರೆ ಇಷ್ಟೇ ಎಂದು ಅವರೇ ವಿವರಿಸಿದ್ದರು. "ಇದರಲ್ಲಿ ನಮಗೆ ಹೊಸದಾಗಿ ಕಲಿಯಲಿಕ್ಕೆ ಎಂತದ್ದೂ ಇರಲಿಲ್ಲ. ಹುಡುಗಿಯೊಬ್ಬಳನ್ನು ಬಿಟ್ಟು ಎಲ್ಲ ಮನೆಯಲ್ಲೇ ಇತ್ತು."

ಅಣ್ಣ ತಮ್ಮ ಇಬ್ಬರೂ ಹಳೆಯ ವ್ಯಾನೊಂದನ್ನು ಹಿಡಿದು ಊರೂರು ತಿರುಗಿದರು. ಶುರುವಿನಲ್ಲಿ ಕೆಲವು ಕಡೆ ಇವರನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟು, ಹಾಡಿಸಿ, ಹಿಂಬಾಗಿಲಿನಿಂದಲೇ ಕಳಿಸುತ್ತಿದ್ದರಂತೆ. ಕುಡಿಯಲು ನೀರು ಕೇಳಿದರೆ ಅದೂ ಹಿಂದೆಯೇ. ಕೇಳಿ ನನಗೆ ಮೈ ಉರಿಯಿತು. ಅಂಕಲ್ ಸ್ಟೇರಿಂಗ್ ಮೇಲೆ ತಾಳ ಹಾಕುತ್ತಾ, "ಹಿಂಬಾಗಿಲಿನ ಹತ್ತಿರವೇ ಅಡುಗೆಮನೆ ಇರ್ತದೆ. ಅಡುಗೆಯವರು ನಮ್ಮವರೇ. ಎದುರಿನಿಂದ ಬಂದವರಿಗಿಂತ ಒಳ್ಳೆಯ ಊಟ ನಮಗೆ ಸಿಗುತ್ತಿತ್ತು" ಎಂದರು. ಆಮೇಲೆ ಕ್ಯಾಸೆಟ್ ಬಂತು, ರೇಡಿಯೋದಲ್ಲಿ ಹಾಡು ಬಂತು, ಒಂದು ದೊಡ್ಡ ಬಹುಮಾನವೂ ಬಂತು. ಮುಂಬಾಗಿಲು ತೆರೆಯಿತು. ಹಾಡಿಲ್ಲದ ತಿಂಗಳುಗಳಲ್ಲಿ ಲಾರಿ ಓಡಿಸಿದರು.

ಮಸ್ಕತ್ತಿಗೆ ಬಂದರೆ ಊಟ ನಮ್ಮ ಮನೆಯಲ್ಲಿ. ನನ್ನ ಹೆಂಡತಿ ವಾರಿಜಳ ಬೂತಾಯಿ ಮೀನಿನ ಖಾರದ ಸಾರು ಪುಳಿಮುಂಚಿಯನ್ನು ಅವರು ಕಣ್ಣೀರು ಸುರಿಸುತ್ತಾ, ಮೂಗು ಒರೆಸುತ್ತಾ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಇನ್ನೂ ಬೇಕಿದ್ದರೆ ಬಾಯಿಬಿಟ್ಟು ಕೇಳುವವರಲ್ಲ. ತುಟಿಯನ್ನು ಪಾತ್ರೆಯ ಕಡೆಗೆ ಸ್ವಲ್ಪ ಚಾಚುವುದು, ಅಷ್ಟೆ. ದಾರಿ ತೋರಿಸುವುದೂ ತುಟಿಯಿಂದಲೇ. ವಾರಿಜ ಹೇಳುವಳು, "ನೋಡಿ, ನನ್ನ ದೊಡ್ಡಮ್ಮ ಹೀಗೇ ತೋರಿಸುವುದು. ಬೆರಳು ತೋರಿಸಿದರೆ ಬೈಗುಳ. ಇವರು ನಮ್ಮ ಕಡೆಯವರೇ ರೀ, ಎಲ್ಲೋ ದಾರಿ ತಪ್ಪಿ ಆಚೆ ಹೋದದ್ದು."

ಊಟದ ನಂತರ ಹಾಡುವರು. ಬೇರೆಯವರ ಹಾಡು, ಹಳೆಯ ಹಾಡು, ಅವರಮ್ಮ ಭಾನುವಾರ ಹೇಳುತ್ತಿದ್ದ ಭಜನೆಯಂಥದ್ದು. ತಮ್ಮದೇ ಹಾಡು ಮಾತ್ರ ಒಂದೂ ಇಲ್ಲ. ನಾನು ಒತ್ತಾಯಿಸಿದಾಗೆಲ್ಲ ಒಂದೇ ಉತ್ತರ: "ಅಕ್ಕ ಹೇಳಿದರೆ ಹಾಡ್ತೇನೆ." ಅರವತ್ತು ದಾಟಿದವರು ಹಾಡಲು ಅಕ್ಕನ ಅಪ್ಪಣೆ ಕೇಳುವುದೆಂದರೆ ತಮಾಷೆಯೇ ಇರಬೇಕು ಎಂದುಕೊಂಡೆ. ಜೋರಾಗಿ ನಕ್ಕೂ ಬಿಟ್ಟೆ. ಅವರು ನಗಲಿಲ್ಲ. ಅದು ನನಗೆ ಕಾಣಬೇಕಿತ್ತು.

ಇಲ್ಲಿ ನನ್ನದೊಂದು ಕಾಯಿಲೆಯ ಬಗ್ಗೆ ಹೇಳಬೇಕು. ಒಮಾನಿನಲ್ಲಿ ನಮ್ಮ ಕರಾವಳಿಯವರ ಕೂಟ ಎಲ್ಲೇ ಆಗಲಿ, ಮೈಕ್ ನನ್ನ ಕೈಗೆ ಬರುತ್ತದೆ. ಬಾರದಿದ್ದರೆ ನಾನೇ ಅದರ ಹತ್ತಿರ ಹೋಗುತ್ತೇನೆ. ಸನ್ಮಾನಪತ್ರ ಬರೆಯುವುದರಲ್ಲಂತೂ ನನ್ನದು ಎತ್ತಿದ ಕೈ. ನಮ್ಮವರಿಗೆ ಯಾರ ಮೇಲಾದರೂ ಪ್ರೀತಿ ಉಕ್ಕಿತೋ, ಅವರನ್ನು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರ ಇಡೀ ಜೀವನವನ್ನು ಅವರೆದುರಿಗೇ ಓದದೆ ಬಿಡುವುದಿಲ್ಲ. ಒಂದು ದಿನ ನನ್ನ ಮಗಳು ಲ್ಯಾಪ್‌ಟಾಪ್ ಹಿಡಿದು ಓಡಿಬಂದು "ಅಪ್ಪಾ, ಅಂಕಲ್ ಈಸ್ ಫೇಮಸ್!" ಎಂದಳು. ಹಳೆಯ ವಿಡಿಯೋ. ಕಪ್ಪು ಗಡ್ಡದ ಅಂಕಲ್, ಪಕ್ಕದಲ್ಲಿ ಅವರದೇ ಮುಖದ ತಮ್ಮ, ಕೆಳಗೆ ಇಬ್ಬರ ಹೆಸರು. ಇಬ್ಬರೂ ಸೇರಿ ಮನೆಗೆ ಹೋಗುವ ದಾರಿಯ ಹಾಡು ಹೇಳುತ್ತಿದ್ದಾರೆ. ಲಕ್ಷಾಂತರ ಜನ ನೋಡಿದ್ದಾರೆ. ನನ್ನ ಪ್ರೀತಿ ಉಕ್ಕಿಯೇ ಬಿಟ್ಟಿತು.

ಅಲ್ ಅಮೇರಾತಿನ ಒಂದು ಬಾಡಿಗೆ ಸಭಾಂಗಣದಲ್ಲಿ ನಮ್ಮ ವಾರ್ಷಿಕ ಕುಟುಂಬ ಕೂಟ. ಅಂಕಲ್ ಮುಖ್ಯ ಅತಿಥಿ. ಊಟಕ್ಕೆ ಬನ್ನಿ ಎಂದಷ್ಟೇ ಹೇಳಿ ಕರೆದಿದ್ದೆ. ಅವರ ಟೊಪ್ಪಿಯ ಮೇಲೆ ಪೇಟ ಇಡುವುದೋ, ಟೊಪ್ಪಿ ತೆಗೆಸಿ ಇಡುವುದೋ ಎಂದು ಕಮಿಟಿಯಲ್ಲಿ ಕಾಲು ಗಂಟೆ ಚರ್ಚೆ ನಡೆದಿತ್ತು. ಅಂಕಲ್ ತಾವೇ ಟೊಪ್ಪಿ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟರು. ಪೇಟ ಕೂತಿತು. ನಾನು ಓದಿದೆ: ಸಂಗೀತ ಸಾರ್ವಭೌಮ, ಮರುಭೂಮಿಯ ಸಾರಥಿ, ಸರಳತೆಯ ಸಾಕಾರಮೂರ್ತಿ. ಅವರಿಗೆ ಒಂದಕ್ಷರ ತಿಳಿಯದಿದ್ದರೂ ನಗುತ್ತಾ ಕೂತಿದ್ದರು. ಕೊನೆಗೆ ತಮ್ಮನ ಹೆಸರನ್ನು ಮೈಕಿನಲ್ಲಿ ದೊಡ್ಡದಾಗಿ ಹೇಳಿ, "ಈಗ ಆ ಸಹೋದರರ ಹಾಡು!" ಎಂದು ಕೈ ಎತ್ತಿದೆ. ಪರದೆಯ ಮೇಲೆ ವಿಡಿಯೋ ಶುರುವಾಯಿತು. ಜನ ತಾಳ ಹಾಕಿದರು.

ತಮ್ಮನ ದನಿ ಬಂದ ಕೂಡಲೇ ಅಂಕಲ್ ಎದ್ದರು. ಯಾರ ಮುಖವನ್ನೂ ನೋಡದೆ, ಬುಟ್ಟಿ ಎತ್ತಿಕೊಂಡು ಹೊರಗೆ ನಡೆದರು. ಬುಟ್ಟಿಯನ್ನು ಗಾಡಿಯಲ್ಲಿಡಲು ಹೋದರೆಂದು ಎಲ್ಲರೂ ಭಾವಿಸಿದರು. ನನಗೆ ಹಾಗನಿಸಲಿಲ್ಲ. ಹಿಂದೆಯೇ ಓಡಿದೆ.

ಪಿಕಪ್ಪಿನೊಳಗೆ ಕೂತಿದ್ದರು. ತಲೆಯ ಮೇಲೆ ಪೇಟ, ಹೆಗಲ ಮೇಲೆ ಶಾಲು, ಮಡಿಲಲ್ಲಿ ಹಣ್ಣು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆ ವೇಷದಲ್ಲಿ ಅಳುವವರನ್ನು ನಾನು ಮೊದಲ ಬಾರಿ ನೋಡಿದ್ದು.

"ತಮ್ಮ ಹೋಗಿ ಆರು ವರ್ಷ" ಎಂದರು. "ನಮ್ಮ ಕಡೆ, ನಮ್ಮ ಮನೆತನದಲ್ಲಿ, ಹೋದವರ ಹೆಸರು ಹೇಳುವ ಹಾಗಿಲ್ಲ. ಫೋಟೋ ತೋರಿಸುವ ಹಾಗಿಲ್ಲ, ದನಿ ಕೇಳಿಸುವ ಹಾಗಿಲ್ಲ. ಶೋಕ ಸಾಕು ಅಂತ ಮನೆಯ ಹಿರಿಯರು ಹೇಳುವ ತನಕ ಹೀಗೆ. ನಮ್ಮಲ್ಲಿ ಹಿರಿಯಳು ಅಕ್ಕ. ಆ ಹಾಡಿನಲ್ಲಿ ಅವನ ಹೆಸರೂ ಉಂಟು. ಊರಲ್ಲಿದ್ದರೆ ಹೋದಲ್ಲೆಲ್ಲ ಅದನ್ನೇ ಹಾಡಿ ಅಂತಾರೆ. ಇಲ್ಲ ಅಂತ ಹೇಳಿ ಹೇಳಿ ಸಾಕಾಯ್ತು. ಅದಕ್ಕೇ ಇಲ್ಲಿಗೆ ಬಂದದ್ದು. ಇಲ್ಲಿ ನನಗೆ ಲಾರಿಯ ಅಂಕಲ್ ಆಗಿ ಇರಲಿಕ್ಕೆ ಆಗುತ್ತಿತ್ತು."

ನಾನು ಕೈಮುಗಿದೆ.

"ನಿನಗೆ ಹೇಗೆ ಗೊತ್ತಾಗಬೇಕು? ನಾನು ಹೇಳಿರಲಿಲ್ಲ" ಎಂದು ಕಣ್ಣು ಒರೆಸಿಕೊಂಡು ನನಗೊಂದು ಬಾಳೆಹಣ್ಣು ಕೊಟ್ಟರು. "ಆದರೆ ಅಕ್ಕನಿಗೆ ಹೇಳಬೇಕು. ಮುಚ್ಚಿಡುವ ಹಾಗಿಲ್ಲ."

"ನಾನೇ ಹೇಳುತ್ತೇನೆ ಅಂಕಲ್."

"ನೀನು ಅಕ್ಕನನ್ನು ನೋಡಿಲ್ಲ" ಎಂದರು ಅಂಕಲ್.

ಮರುದಿನ ಬೆಳಿಗ್ಗೆ ನಮ್ಮ ಮನೆಯಿಂದಲೇ ವಿಡಿಯೋ ಕರೆ ಹೋಯಿತು. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಬಿಳಿಕೂದಲಿನ ಹೆಂಗಸು. ಅಂಕಲ್ ಎರಡು ಮಾತಿನಲ್ಲಿ ವಿಷಯ ಹೇಳಿ, ಫೋನನ್ನು ನನ್ನ ಕೈಗೆ ಕೊಟ್ಟು ಬಾಲ್ಕನಿಗೆ ತಪ್ಪಿಸಿಕೊಂಡರು.

"ನೀನಾ ಆ ಮೈಕಿನವ?"

"ಹೌದು ಅಕ್ಕ. ತಪ್ಪಾಯಿತು."

"ಎಷ್ಟು ಜನ ಕೇಳಿದರು?"

"ಎಂಬತ್ತಮೂರು."

"ಅಷ್ಟು ಸರಿಯಾಗಿ ಹೇಗೆ ಗೊತ್ತು?"

"ಊಟದ ಕೂಪನಿನ ಪಟ್ಟಿ ಉಂಟು ಅಕ್ಕ."

ಅವರ ತುಟಿಯ ಒಂದು ಮೂಲೆ ಅಲ್ಲಾಡಿತು. ಧೈರ್ಯ ಬಂದು ನನ್ನ ಅಜ್ಜಿಯ ಕಥೆ ಹೇಳಿದೆ. ಅಜ್ಜಿ ಗಂಡನ ಹೆಸರನ್ನು ಜೀವಮಾನದಲ್ಲಿ ಬಾಯಲ್ಲಿ ಹೇಳಿದವಳಲ್ಲ. ಕಚೇರಿಯಲ್ಲಿ ಹೆಸರು ಕೇಳಿದಾಗ ಪಕ್ಕದಲ್ಲಿ ನಿಂತವರನ್ನು ತಿವಿದು "ನೀವು ಹೇಳಿ" ಎನ್ನುವಳು. ಒಮ್ಮೆ ಪಕ್ಕದಲ್ಲಿದ್ದ ಮೀನು ಮಾರುವವರು ತಮ್ಮನ್ನೇ ಕೇಳಿದ್ದೆಂದು ತಮ್ಮ ಹೆಸರು ಹೇಳಿಬಿಟ್ಟದ್ದರಿಂದ ಅಜ್ಜಿ ಆರು ತಿಂಗಳು ಕಾಗದದ ಮೇಲೆ ಅವರ ಹೆಂಡತಿಯಾಗಿದ್ದಳು. ಅಕ್ಕ ಕುರ್ಚಿ ಅಲ್ಲಾಡುವಂತೆ ನಕ್ಕರು. ಬಾಲ್ಕನಿಯಿಂದ ಅಂಕಲ್ ಇಣುಕಿದರು. ಆದರೆ ನಗು ಮುಗಿದ ಮೇಲೆ ಅಕ್ಕ ಹೇಳಿದ್ದು ಇಷ್ಟೆ: "ನೀನು ಬೇಕಂತ ಮಾಡಿದ್ದಲ್ಲ. ಆದರೆ ಆದದ್ದು ಆದದ್ದೇ. ತಮ್ಮನ ಹೆಂಡತಿ ಮಕ್ಕಳ ಹತ್ತಿರ ಮಾತಾಡಬೇಕು. ಅಲ್ಲಿಯವರೆಗೆ ನಿನ್ನ ಅಂಕಲ್ ಗಿಟಾರು ಮುಟ್ಟುವುದು ಬೇಡ."

ಅಲ್ಲಿಂದ ಎರಡು ತಿಂಗಳು ಗಿಟಾರು ಇಬ್ರಿಯ ಅವರ ಕೋಣೆಯಲ್ಲೇ ಉಳಿಯಿತು. ಪಿಕಪ್ಪಿನಲ್ಲಿ ನನಗೆ ಮುಂದಿನ ಸೀಟು ಸಿಕ್ಕಿತು. ಅಷ್ಟು ಬೇಸರದ ಸೀಟಿನಲ್ಲಿ ನಾನು ಎಂದೂ ಕೂತಿಲ್ಲ. ಅಂಕಲ್ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಒಳ್ಳೆಯದಿತ್ತು. ಸ್ಟೇರಿಂಗ್ ಮೇಲೆ ತಾಳ ಹಾಕುವುದನ್ನೂ ಬಿಟ್ಟಿದ್ದರು. ಇನ್ನು ಇವರು ಹಾಡುವುದೇ ಇಲ್ಲವೇನೋ, ನಲವತ್ತು ವರ್ಷದ ಹಾಡನ್ನು ನನ್ನ ಒಂದು ಸನ್ಮಾನ ನುಂಗಿತಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ವಾರಿಜ ಸಮಾಧಾನ ಹೇಳುವ ಬದಲು, "ನಿಮಗೆ ಆ ಮೈಕ್ ಎಂತಕ್ಕೆ ಮಾರಾಯ್ರೆ" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು.

ಕೊನೆಗೆ ಅಕ್ಕನ ಕರೆ ಬಂತು, ನೇರ ನನಗೇ. ತಮ್ಮನ ಹೆಂಡತಿ ಒಪ್ಪಿದ್ದಳು. ಆರು ವರ್ಷ ಸಾಕು, ಅಪ್ಪನ ಹಾಡು ಮತ್ತೆ ಕೇಳಬೇಕು ಎಂದು ಮಕ್ಕಳೂ ಹೇಳಿದ್ದರು. "ಆದರೆ ಎಲ್ಲಿ ತಪ್ಪಿತೋ ಅಲ್ಲೇ ಸರಿಯಾಗಬೇಕು" ಎಂದರು ಅಕ್ಕ. "ಆವತ್ತು ಕೇಳಿದವರೆಲ್ಲ ಬಂದು ಕೂರಬೇಕು. ಈ ಸಲ ಅವನೇ ಹಾಡಬೇಕು. ನಾನು ಕೇಳುತ್ತೇನೆ. ಕೇಳಿದ ಮೇಲೆ ಹೇಳುತ್ತೇನೆ, ಇನ್ನು ಮುಂದೆ ಹಾಡಬಹುದೋ ಇಲ್ಲವೋ ಅಂತ. ಮತ್ತೆ ಇನ್ನೊಂದು. ನೀನು ಮೈಕ್ ಮುಟ್ಟಬೇಡ."

ಗಲ್ಫಿನಲ್ಲಿ ಒಮ್ಮೆ ಕೂಡಿದ ಎಂಬತ್ತಮೂರು ಜನರನ್ನು ಮತ್ತೊಮ್ಮೆ ಹಾಗೆಯೇ ಕೂಡಿಸುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆ. ಕೂಪನಿನ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಒಬ್ಬರು ಸಾವಿರ ಕಿಲೋಮೀಟರ್ ದೂರದ ಸಲಾಲಾಕ್ಕೆ ವರ್ಗವಾಗಿದ್ದರು, ರಜೆ ಹಾಕಿ ಬಂದರು. ಇಬ್ಬರು ನರ್ಸುಗಳು ಡ್ಯೂಟಿ ಬದಲಾಯಿಸಿಕೊಂಡರು. ಒಬ್ಬರಿಗೆ ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನರು, ರಜೆ ಕೊಡಲು ಒಪ್ಪಲಿಲ್ಲ. ವಿಷಯ ಕೇಳಿದ ಮೇಲೆ "ಅಕ್ಕ ಹೇಳಿದ್ದಾ? ಹಾಗಾದರೆ ಹೋಗು" ಎಂದು ಕಳಿಸಿಕೊಟ್ಟರಂತೆ. ಪೂರ್ತಿಯಾಗಿ ಊರಿಗೇ ಮರಳಿದ್ದ ಉಡುಪಿಯ ಒಬ್ಬ ಅಜ್ಜಿ ಫೋನಿನಲ್ಲಿ ಕೂರಲಿ ಎಂದು ಅಕ್ಕನೇ ರಿಯಾಯಿತಿ ಕೊಟ್ಟರು. ಶುಕ್ರವಾರ ಬೆಳಿಗ್ಗೆ ನಾವೆಲ್ಲ ಕೂತು ಲೆಕ್ಕ ಮಾಡುವಾಗ ಸಭಾಂಗಣದ ಒಮಾನಿ ಯಜಮಾನರು ಗರಿಗರಿ ಬಿಳಿ ದಿಶ್ದಾಶಾ ತೊಟ್ಟು, ಹಲ್ವಾದ ಡಬ್ಬ ಹಿಡಿದು ಒಳಗೆ ಬಂದರು. "ಆವತ್ತು ಬಾಗಿಲಲ್ಲಿ ನಿಂತು ನಾನೂ ಕೇಳಿದ್ದೆ. ನನ್ನನ್ನೂ ಸೇರಿಸಿ. ಯಲ್ಲಾ, ಶುರು ಮಾಡಿ" ಎಂದು ಹಿಂದಿಯಲ್ಲಿ ಹೇಳಿ ಮುಂದಿನ ಸಾಲಿನಲ್ಲೇ ಕೂತರು.

ಈ ಸಲ ಶಾಲಿಲ್ಲ, ಪೇಟವಿಲ್ಲ, ಪರದೆಯಿಲ್ಲ. ನಾನು ಎರಡೂ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದೆ. ವಾರಿಜ ಎದುರಿನ ಕುರ್ಚಿಯಲ್ಲಿ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತಳು. ಅದರೊಳಗೆ ಅಕ್ಕ, ಹಿಂದೆ ತಮ್ಮನ ಹೆಂಡತಿ, ಮಕ್ಕಳು, ಯಾರು ಯಾರೋ ತುಂಬ ಜನ. ಅಂಕಲ್ ಗಿಟಾರಿನ ತಂತಿ ಬಿಗಿ ಮಾಡಿದರು.

ಹಾಡು ಶುರುವಾಯಿತು. ಮನೆಗೆ ಹೋಗುವ ದಾರಿ, ಕೆಂಪು ಮಣ್ಣು, ಬೆಂಕಿಯ ಸುತ್ತ ಕೂತ ಮನೆಯವರು. ತಮ್ಮ ಹಾಡುತ್ತಿದ್ದ ಸಾಲು ಬಂದಾಗ ಅಂಕಲ್ ಒಂದು ಕ್ಷಣ ನಿಂತರು. ಆಮೇಲೆ ಆ ಸಾಲನ್ನೂ ತಾವೇ ಹಾಡಿದರು. ತಮ್ಮನ ಹೆಸರು ಬಂದ ಜಾಗದಲ್ಲಿ ದನಿ ಒಡೆಯಿತು, ಆದರೂ ಹೆಸರು ಪೂರ್ತಿ ಹೇಳಿದರು. ಎಂಬತ್ತನಾಲ್ಕು ಜನರಲ್ಲಿ ಒಬ್ಬರೂ ತಾಳ ಹಾಕಲಿಲ್ಲ, ಮಕ್ಕಳು ಕೂಡ.

ಹಾಡು ಮುಗಿಯಿತು. ಚಪ್ಪಾಳೆ ಇಲ್ಲ. ಎಲ್ಲರ ಕಣ್ಣೂ ವಾರಿಜಳ ಕೈಯಲ್ಲಿದ್ದ ಫೋನಿನ ಮೇಲೆ. ಅಂಕಲ್ ಮಾತ್ರ ನೆಲ ನೋಡುತ್ತಿದ್ದರು. ಅಕ್ಕ ಮುಂಗೈಯಿಂದ ಒಂದು ಕಣ್ಣು ಒರೆಸಿಕೊಂಡರು, ಆಮೇಲೆ ಇನ್ನೊಂದು.

"ಎರಡನೆಯ ಸಾಲಿನಲ್ಲಿ ಶ್ರುತಿ ತಪ್ಪಿದೆ. ಅವನಿದ್ದಿದ್ದರೆ ನಿನ್ನನ್ನು ಬಿಡುತ್ತಿರಲಿಲ್ಲ. ಇನ್ನೊಮ್ಮೆ ಹಾಡು."

"ಆಯ್ತು ಅಕ್ಕ" ಎಂದರು ಅಂಕಲ್, ಮೊದಲಿನಿಂದ ಶುರು ಮಾಡಿದರು.